ಕೈ ಹಿಂದೆ ಕಟ್ಟಿಕೊಂಡು ನಿಂತವಳು

ನಾನು ಅವಳಿಗೆ ಹೇಳಿದ ಮೊದಲ ಮಾತು "ಕೈ ತೆಗೀರಿ". ಎರಡನೆಯ ಮಾತು ಬರೆಯುವಂಥದ್ದಲ್ಲ, ಬಿಡಿ. ಅದನ್ನು ಕೇಳಿ ಪಕ್ಕದ ಮೇಜಿನವಳ ಕೈಯಿಂದ ಸ್ಕ್ರೂ ಡಬ್ಬಿ ಜಾರಿಬಿತ್ತು. ಅರ್ಧ ಗಂಟೆ ನಾವು ನಾಲ್ಕೈದು ಜನ ಮಂಡಿಯೂರಿ ನೆಲ ತಡಕಾಡಬೇಕಾಯಿತು.

ಪ್ರೀತಿ ಹೀಗೆ ಶುರುವಾಗುತ್ತದೆಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ಬೇರೆ ಮೇಜಿಗೆ ಹೋಗಿ ಕೂರುತ್ತಿದ್ದೆ. ಸುಳ್ಳು. ಅದೇ ಮೇಜಿಗೇ ಹೋಗುತ್ತಿದ್ದೆ, ಸ್ವಲ್ಪ ಒಳ್ಳೆಯ ಬಟ್ಟೆ ಹಾಕಿಕೊಂಡು.

ನನ್ನ ಕೆಲಸ ಹಲ್ಲು ಮಾಡುವುದು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಲ್ಯಾಬಿನಲ್ಲಿ ಸ್ಪಿರಿಟ್ ದೀಪದ ಮುಂದೆ ಕೂತು ಮೇಣದಲ್ಲಿ ಹಲ್ಲು ಕೆತ್ತುತ್ತೇನೆ. ಹನ್ನೊಂದು ವರ್ಷವಾಯಿತು. ಈ ನಗರದಲ್ಲಿ ಎಷ್ಟೋ ಜನ ನನ್ನ ಕೈಕೆಲಸವನ್ನು ಬಾಯಲ್ಲಿಟ್ಟುಕೊಂಡು ನಗುತ್ತಾರೆ, ಅವರಿಗೆ ನಾನು ಯಾರೆಂದೇ ಗೊತ್ತಿಲ್ಲ. ಬೋರ್ಡಿನ ಮೇಲೆ ಡಾಕ್ಟರ ಹೆಸರು, ಚೀಟಿಯ ಮೇಲೆ ಲ್ಯಾಬಿನ ಹೆಸರು. ನನ್ನದು ಎಲ್ಲಿಯೂ ಇಲ್ಲ. ಅದಕ್ಕೇ ಮನಸ್ಸಿಗೆ ಹಿಡಿಸಿದ ಹಲ್ಲುಗಳನ್ನು ಕಳಿಸುವ ಮುಂಚೆ ಒಂದು ಫೋಟೋ ತೆಗೆದು ಇಟ್ಟುಕೊಳ್ಳುತ್ತಿದ್ದೆ. ನಾನೂರ ಹನ್ನೆರಡು ಫೋಟೋ.

ಕಳೆದ ತಿಂಗಳು ನಮ್ಮ ಯಜಮಾನರು ಹೊಸ ಮೆಷೀನ್ ತಂದರು. ಇನ್ನು ಹಲ್ಲು ಸ್ಕ್ರೀನ್ ಮೇಲೆ ಡಿಸೈನ್ ಆಗುತ್ತದಂತೆ, ಮೆಷೀನು ಕೊರೆಯುತ್ತದಂತೆ. ಅದಕ್ಕೆ ಕೂರಲು ಅವರ ಅಳಿಯ ತಯಾರಾಗಿ ನಿಂತಿದ್ದ. ಕೋರೆಹಲ್ಲಿಗೂ ದವಡೆಹಲ್ಲಿಗೂ ವ್ಯತ್ಯಾಸ ತಿಳಿಯದ ಮಹಾನುಭಾವ.

"ನಾನೂ ಕೂರ್ತೀನಿ" ಎಂದೆ.

"ಮೇಣ ನಿನ್ನ ಕೈಗೆ ಒಗ್ಗಿದೆಯಮ್ಮ. ಮೌಸು ಬೇರೆ ವಿಷಯ."

"ಪರೀಕ್ಷೆ ಇಡಿ."

ಅವರು ನಕ್ಕರು. ಆ ನಗುವಿನಲ್ಲೂ ಮುಂದಿನ ಎರಡು ಹಲ್ಲು ನನ್ನವೇ. "ಸೋಮವಾರ ಹತ್ತು ಗಂಟೆಗೆ ಒಂದು ದವಡೆಹಲ್ಲು ಸ್ಕ್ರೀನ್ ಮೇಲೆ ಮಾಡಿ ತೋರಿಸು. ಆಗಲಿಲ್ಲ ಅಂದ್ರೆ ತಿಂಗಳ ಕೊನೆಗೆ ಆ ಮೇಣದ ಮೇಜು ಎತ್ತಿಸ್ತೀನಿ." ಮೇಜಿನ ಜೊತೆಗೆ ನನ್ನನ್ನೂ ಎಂದು ಬಿಡಿಸಿ ಹೇಳುವ ಅಗತ್ಯ ಅವರಿಗೆ ಕಾಣಲಿಲ್ಲ.

ಕಲಿಯಲು ನನ್ನ ಹತ್ತಿರ ಇದ್ದದ್ದು ಅಣ್ಣನ ಹಳೆಯ ಲ್ಯಾಪ್‌ಟಾಪ್. "ನೀನು ಮುಟ್ಟಿದ್ರೆ ಹಾಳಾಗುತ್ತೆ" ಎಂದು ಆರು ವರ್ಷ ಕಾಯ್ದು, ತಾನೇ ಹಾಳು ಮಾಡಿ, ಆಮೇಲೆ ನನಗೆ ಕೊಟ್ಟಿದ್ದ. ಆನ್ ಆಗಲು ಇಪ್ಪತ್ತು ನಿಮಿಷ ಬೇಕು, ಆದ ಹತ್ತು ನಿಮಿಷಕ್ಕೆ ಕಾದು ತಾನಾಗಿ ಆಫ್ ಆಗುತ್ತದೆ. ನನ್ನ ಹಲ್ಲಿನ ಫೋಟೋಗಳನ್ನೆಲ್ಲ ಫೋನಿನಿಂದ ಅದಕ್ಕೇ ಹಾಕಿಟ್ಟಿದ್ದೆ. ಹಲ್ಲಿನ ಸಾಫ್ಟ್‌ವೇರ್ ಅದರಲ್ಲಿ ಬಾಯೇ ತೆರೆಯುತ್ತಿರಲಿಲ್ಲ.

ಆಗ ಅತ್ತಿಗೆ ಒಂದು ಕರಪತ್ರವನ್ನು ನನ್ನ ಊಟದ ಡಬ್ಬಿಯ ಕೆಳಗೆ ಇಟ್ಟಳು. "ಹೆಂಗಸರಿಗೆ, ಟ್ರಾನ್ಸ್ ಮಂದಿಗೆ, ಗಂಡು ಹೆಣ್ಣು ಎಂಬ ಎರಡು ಡಬ್ಬಿಯಲ್ಲೂ ಹಿಡಿಸದವರಿಗೆ. ಶನಿವಾರ ಇಡೀ ದಿನ. ನಿಮ್ಮ ಯಂತ್ರ ನೀವೇ ಬಿಚ್ಚಿ, ನೀವೇ ಜೋಡಿಸಿ."

"ನಿಮ್ಮಣ್ಣ ಕೇಳಿದ್ರೆ ಹೊಲಿಗೆ ಕ್ಲಾಸಿಗೆ ಹೋಗಿದ್ದಾಳೆ ಅಂತೀನಿ" ಎಂದಳು.

"ಬೇಡ ಅತ್ತಿಗೆ. ಕಂಪ್ಯೂಟರ್ ಬಿಚ್ಚೋಕೆ ಹೋಗಿದ್ದಾಳೆ ಅಂತಾನೇ ಹೇಳಿ."

ಜಾಗ ಒಂದು ಡ್ಯಾನ್ಸ್ ಕ್ಲಾಸಿನ ಹಾಲು. ಒಂದು ಗೋಡೆಯ ತುಂಬ ಕನ್ನಡಿ. ಬಾಗಿಲಲ್ಲಿ ಬೆಳ್ಳಿಗೂದಲಿನ ಅಜ್ಜಿಯೊಬ್ಬರು ಟೇಪಿನ ಉರುಳೆ ಹಿಡಿದು ಕೂತಿದ್ದರು. ಮೂವತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವರು. ಎಲ್ಲರೂ ಅವರನ್ನು ಎಕ್ಸ್‌ಚೇಂಜ್ ಅಜ್ಜಿ ಎನ್ನುತ್ತಿದ್ದರು.

"ಇಲ್ಲಿ ಹೆಸರು ಬೇಡ" ಎಂದರು. "ಹೆಸರು ಕೇಳಿದ್ರೆ ಹಿಂದೇನೇ ಯಾರ ಮಗಳು, ಯಾರ ಹೆಂಡತಿ ಅನ್ನೋದು ಬರುತ್ತೆ. ಏನು ಮಾಡ್ತೀಯ, ಅದನ್ನ ಬರಿ."

ನಾನು ಟೇಪಿನ ಮೇಲೆ "ಹಲ್ಲು" ಎಂದು ಬರೆದು ಎದೆಗೆ ಅಂಟಿಸಿಕೊಂಡೆ.

ಅಲ್ಲಿ ಇನ್ನೊಂದು ಕಟ್ಟುನಿಟ್ಟಾದ ನಿಯಮವಿತ್ತು. ಹೇಳಿಕೊಡುವವರು ಕೈಗಳನ್ನು ಹಿಂದೆ ಕಟ್ಟಿಕೊಂಡಿರಬೇಕು. ಬಾಯಲ್ಲಿ ಎಷ್ಟು ಬೇಕಾದರೂ ಹೇಳಬಹುದು, ಕಲಿಯುವವರ ಯಂತ್ರವನ್ನಾಗಲಿ ಕೈಯನ್ನಾಗಲಿ ಮುಟ್ಟುವ ಹಾಗಿಲ್ಲ. "ನಮ್ಮ ಕೈಯಿಂದ ಕಿತ್ಕೊಂಡು 'ಕೊಡಿಲ್ಲಿ ನಾನು ಮಾಡ್ತೀನಿ' ಅಂದವರು ಈವರೆಗೆ ಸಾಕಷ್ಟು ಸಿಕ್ಕಿದ್ದಾರೆ" ಎಂದರು ಅಜ್ಜಿ. ತಪ್ಪಿದವರಿಗೆ ಶಿಕ್ಷೆ: ಹಾಲಿನ ಅಡುಗೆಮನೆಯಲ್ಲಿದ್ದ ಓವನ್ನಿನ ದಪ್ಪ ಕೈಗವಸುಗಳನ್ನು ಒಂದು ಗಂಟೆ ಹಾಕಿಕೊಂಡಿರಬೇಕು. ಅವುಗಳ ಮೇಲೆ ಕೆಂಪು ಚೆರಿ ಹಣ್ಣಿನ ಚಿತ್ರ. ತಪ್ಪು ಹಿಡಿಯುವ ಕೆಲಸ ಒಬ್ಬ ಬಸ್ ಕಂಡಕ್ಟರಿಗೆ. ಎತ್ತರದ ಟ್ರಾನ್ಸ್ ಹೆಂಗಸು, ತುಟಿಗೆ ಗಾಢ ಲಿಪ್‌ಸ್ಟಿಕ್, ಕೊರಳಲ್ಲಿ ಬಸ್ಸಿನದೇ ಸೀಟಿ.

ನನಗೆ ಹೇಳಿಕೊಡಲು ಮೇಜಿನ ಆಚೆ ನಿಂತವಳ ಎದೆಯ ಮೇಲೆ "ಲಿಫ್ಟ್ ಮೆಕ್ಯಾನಿಕ್" ಎಂದಿತ್ತು. ಬೂದು ಬಣ್ಣದ ಓವರಾಲು, ಮೊಣಕೈವರೆಗೆ ಮಡಿಸಿದ ತೋಳು, ಗುಂಗುರು ಕೂದಲಲ್ಲಿ ಸಿಕ್ಕಿಸಿದ ಪೆನ್ಸಿಲ್ಲು. ಮುಖ ನೋಡಿದರೆ ಮಹಾ ಶಾಂತ. ಆದರೆ ಅವಳ ಹಿಂದೆ ಕನ್ನಡಿ ಇತ್ತು. ಬೆನ್ನ ಹಿಂದೆ ಆ ಹತ್ತೂ ಬೆರಳುಗಳು ಒಂದನ್ನೊಂದು ಹಿಡಿದು, ಬಿಟ್ಟು, ಮತ್ತೆ ಹಿಡಿದು ಜಗಳವಾಡುತ್ತಿದ್ದವು. ಮುಖ ಒಂದು ಹೇಳಿದರೆ ಬೆರಳು ಇನ್ನೊಂದು ಹೇಳುತ್ತಿತ್ತು. ನಾನು ಮುಖಕ್ಕಿಂತ ಕನ್ನಡಿಯನ್ನೇ ಹೆಚ್ಚು ನೋಡಿದೆ.

ಲ್ಯಾಪ್‌ಟಾಪಿನ ಕೀಬೋರ್ಡ್ ಎತ್ತಿದಾಗ ಕೆಳಗೆ ಕಾಗದದಷ್ಟು ತೆಳುವಾದ ಕೇಬಲ್ ಕಂಡಿತು. ಅದರ ತುದಿಯಲ್ಲಿ ಅಕ್ಕಿಕಾಳಿನಷ್ಟು ಚಿಲಕ. ನಾನು ಚಿಮಟ ಹಿಡಿದು ಬಗ್ಗಿದೆ. ಅಷ್ಟರಲ್ಲಿ ನನ್ನ ಮಣಿಕಟ್ಟಿನ ಮೇಲೆ ಒಂದು ಕೈ ಬಂದು ಬಿಗಿಯಾಗಿ ಹಿಡಿಯಿತು.

ಆಗಲೇ ನಾನು ಹೇಳಿದ್ದು, "ಕೈ ತೆಗೀರಿ". ಆಮೇಲೆ ಆ ಇನ್ನೊಂದು ಮಾತು.

ಕಂಡಕ್ಟರ್ ಸೀಟಿ ಊದಿದಳು.

"ಎಳೆದುಬಿಡ್ತೀರಿ ಅನ್ಕೊಂಡೆ" ಎಂದಳು ಮೆಕ್ಯಾನಿಕ್, ಮುಖ ಕೆಂಪಾಗಿ.

"ಎಳೆಯೋಕೆ ನಾನೇನು ಹಗ್ಗಜಗ್ಗಾಟಕ್ಕೆ ಬಂದಿದೀನಾ? ದಿನಾ ಕೂದಲಿಗಿಂತ ತೆಳು ಮೇಣ ಎತ್ತುವ ಕೈ ಇದು. ನೋಡಿ." ನಾನು ಚಿಮಟದ ತುದಿಯಿಂದ ಚಿಲಕವನ್ನು ಮೆಲ್ಲಗೆ ಎತ್ತಿದೆ. ಕೇಬಲ್ ತಾನಾಗಿ ಹೊರಬಂತು.

ಅವಳು ಕೇಬಲ್ ನೋಡಿದಳು, ನನ್ನ ಕೈ ನೋಡಿದಳು. "ತಪ್ಪಾಯ್ತು" ಎಂದು ಹೇಳಿ, ಕಂಡಕ್ಟರ್ ಮುಂದೆ ಎರಡೂ ಕೈ ನೀಡಿದಳು. ಚೆರಿ ಹಣ್ಣಿನ ಗವಸುಗಳು ಏರಿದವು. ನಾವು ಉದುರಿದ ಸ್ಕ್ರೂಗಳಿಗಾಗಿ ಮೇಜಿನ ಕೆಳಗೆ ತೂರಿದೆವು. ಅಜ್ಜಿ ಮೇಲೆ ನಿಂತು ಎಲ್ಲರಿಗೂ ಏನೋ ಮುಖ್ಯವಾದ ಸೂಚನೆ ಕೊಡುತ್ತಿದ್ದರು. ನನಗೆ ಕೇಳಿಸಲಿಲ್ಲ.

ಹನ್ನೊಂದೂವರೆಗೆ ಚಹಾ ಬಂತು. ನನ್ನ ಕೋಪ ಇನ್ನೂ ಪೂರ್ತಿ ಇಳಿದಿರಲಿಲ್ಲ. ಆದರೆ ಎರಡು ಗವಸಿನ ನಡುವೆ ಕಪ್ಪು ಹಿಡಿದು ಕುಡಿಯಲು ಹೆಣಗಾಡುತ್ತಿರುವವಳ ಮೇಲೆ ಎಷ್ಟು ಹೊತ್ತು ಕೋಪ ಮಾಡಿಕೊಳ್ಳಲು ಸಾಧ್ಯ? ಅವಳು ಬಿಸ್ಕತ್ತನ್ನು ತಟ್ಟೆಯಿಂದ ಎತ್ತಲು ಮೂರು ಸಲ ನೋಡಿದಳು. ಮೂರು ಸಲವೂ ಅದು ಜಾರಿತು.

"ಕೊಡಿ" ಎಂದು ನಾನೇ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಎತ್ತಿ ಹಿಡಿದೆ. "ಬೇಗ ತಿನ್ನಿ, ಮುರಿದು ಬೀಳುತ್ತೆ."

ಅವಳು ಬಾಯಿ ತೆರೆದಳು. ಮೇಲಿನ ಬಲಗಡೆಯ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ಸ್ವಲ್ಪವೇ ಸ್ವಲ್ಪ ಏರಿ ಕೂತಿತ್ತು. ಹನ್ನೊಂದು ವರ್ಷದಲ್ಲಿ ಸಾವಿರ ಸೊಟ್ಟ ಹಲ್ಲು ನೋಡಿದ್ದೇನೆ. ನೋಡಿದ ಕೂಡಲೇ ನೆಟ್ಟಗೆ ಮಾಡಬೇಕೆಂದು ಕೈ ತುರಿಸುತ್ತದೆ. ಅದೊಂದನ್ನು ಮಾತ್ರ ಯಾರೂ ಯಾವತ್ತೂ ನೆಟ್ಟಗೆ ಮಾಡಬಾರದು ಅನಿಸಿತು. ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು.

"ಏನು ನೋಡ್ತಿದೀರಿ?"

"ಹಲ್ಲು. ಕೆಲಸದ ಅಭ್ಯಾಸ."

"ಹೇಗಿದೆ?"

"ಪರವಾಗಿಲ್ಲ" ಎಂದೆ, ಇನ್ನೊಂದು ಬಿಸ್ಕತ್ತು ಅದ್ದುತ್ತ. ಅವಳು ನಕ್ಕಳು, ಆ ಹಲ್ಲು ಪೂರ್ತಿ ಕಾಣುವ ಹಾಗೆ. ಕೊಬ್ಬು!

ಆಮೇಲೆ ಅವಳೇ ಹೇಳಿದಳು. "ನನಗೆ ಮೊದಲು ಕೈ ಹೋಗುತ್ತೆ, ಆಮೇಲೆ ಬಾಯಿ. ಆರು ವರ್ಷದ ಹಿಂದೆ ನನ್ನ ಜೊತೆ ಕೆಲಸ ಮಾಡ್ತಿದ್ದವಳು ಲಿಫ್ಟಿನ ಬಾಗಿಲ ಸಂದಿಯಲ್ಲಿ ಕೈ ಇಟ್ಟಳು. ನಾನು ಎರಡು ಹೆಜ್ಜೆ ದೂರದಲ್ಲಿ ನಿಂತು 'ಅಲ್ಲಿ ಕೈ ಇಡಬೇಡ' ಅಂತ ಬಾಯಲ್ಲಿ ಹೇಳ್ತಿದ್ದೆ. ಎರಡು ಬೆರಳು ಹೋಯ್ತು. ಅವತ್ತಿಂದ ಬಾಯಿ ಮೇಲೆ ನನಗೆ ನಂಬಿಕೆ ಇಲ್ಲ."

ನಾನು ಅವಳಿಗೆ ಸೋಮವಾರದ ಪರೀಕ್ಷೆಯ ವಿಷಯ ಹೇಳಿದೆ. ಮೇಣದ ಮೇಜು, ಅಳಿಯ, ನಾನೂರ ಹನ್ನೆರಡು ಫೋಟೋ, ಅಣ್ಣ, ಎಲ್ಲ. ಮೂವತ್ತಾರು ವರ್ಷದಲ್ಲಿ ಯಾರೂ ನನ್ನ ಮಾತನ್ನು ಅಷ್ಟು ಹೊತ್ತು ಮಧ್ಯೆ ಬಾಯಿ ಹಾಕದೆ ಕೇಳಿರಲಿಲ್ಲ. ಅದೂ ಚೆರಿ ಗವಸು ಹಾಕಿಕೊಂಡು, ಅಷ್ಟು ಗಂಭೀರವಾಗಿ.

ಊಟದ ಹೊತ್ತಿಗೆ ನಾನು ಫ್ಯಾನಿನೊಳಗಿಂದ ಅಣ್ಣನ ಆರು ವರ್ಷದ ಧೂಳನ್ನು ಮುದ್ದೆಮುದ್ದೆಯಾಗಿ ತೆಗೆದಿದ್ದೆ, ದಾನವಾಗಿ ಬಂದ ಡಬ್ಬಿಯಿಂದ ಇನ್ನೊಂದು ಮೆಮೊರಿ ಚಿಪ್ಪು ಹಾಕಿದ್ದೆ, ಹತ್ತೊಂಬತ್ತು ಸ್ಕ್ರೂಗಳನ್ನೂ ವಾಪಸ್ ಕೂರಿಸಿದ್ದೆ. ಬಟನ್ ಒತ್ತಿದೆ. ಫ್ಯಾನು ಹಗುರವಾಗಿ ತಿರುಗಿತು. ಇಡೀ ಮೇಜು ಚಪ್ಪಾಳೆ ತಟ್ಟಿತು. ಅವಳ ಶಿಕ್ಷೆ ಮುಗಿದು ಗವಸು ಬಿಚ್ಚಿಯಾಗಿತ್ತು. ಆದರೂ ಕೈ ಹಿಂದೆಯೇ ಇದ್ದವು. ಕನ್ನಡಿಯಲ್ಲಿ ನೋಡಿದರೆ ಅವೂ ಸದ್ದಿಲ್ಲದೆ ಚಪ್ಪಾಳೆ ತಟ್ಟುತ್ತಿದ್ದವು.

ನನಗೆ ತಲೆಗೇರಿತು. ಗೆದ್ದ ಜೋರಿನಲ್ಲಿ ಹೇಳಿದೆ, "ಮುಂದಿನದು ಪೂರ್ತಿ ನಾನೊಬ್ಬಳೇ. ಹೊಸ ಸಿಸ್ಟಮ್ ಹಾಕೋದು, ಸಾಫ್ಟ್‌ವೇರ್ ಹಾಕೋದು. ನೀವು ಉಸಿರೂ ಬಿಡಬೇಡಿ."

"ಸರಿ" ಎಂದಳು.

ಪೆನ್‌ಡ್ರೈವ್ ಚುಚ್ಚಿದೆ. ಸ್ಕ್ರೀನು ಒಂದೊಂದೇ ಪ್ರಶ್ನೆ ಕೇಳಿತು, ನಾನು ಒಂದೊಂದೇ ಉತ್ತರ ಒತ್ತಿದೆ. ಒಂದು ಕಡೆ "ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ಹಾಕಲೇ?" ಎಂದಿತು. ಅಳಿಸಲಿ, ಅಣ್ಣನ ಕಸವೆಲ್ಲ ಹೋಗಲಿ ಎಂದುಕೊಂಡೆ. ಕನ್ನಡಿಯತ್ತ ಒಮ್ಮೆ ನೋಡಿದೆ. ಅವಳ ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿತ್ತು. ನನ್ನಿಂದ ಮೌಸ್ ಕಿತ್ತುಕೊಳ್ಳಲು ಎಷ್ಟು ಆಸೆ ನೋಡು ಇವಳಿಗೆ ಎಂದು ಒಳಗೊಳಗೇ ನಕ್ಕು, ಒತ್ತಿದೆ.

ಸ್ಕ್ರೀನಿನ ಕೆಳಗೆ ಒಂದು ಗೆರೆ ತುಂಬತೊಡಗಿತು. ಶೇಕಡ ಎರಡು. ಮೂರು.

"ನನ್ನ ಹಲ್ಲಿನ ಫೋಟೋ ಎಲ್ಲ ಹಾಗೇ ಇರುತ್ತಲ್ಲ?" ಎಂದು ಕೇಳಿದೆ, ಸುಮ್ಮನೆ ಮಾತಿಗೆ.

ಅವಳ ಮುಖದ ಬಣ್ಣ ಹೋಯಿತು. "ಬೆಳಿಗ್ಗೆ ಕಾಪಿ ಮಾಡ್ಕೊಂಡ್ರಿ ತಾನೇ? ಅಜ್ಜಿ ಹೇಳಿದ್ರಲ್ಲ, ಬೇಕಾಗಿದ್ದನ್ನ ಮೊದಲು ಬೇರೆ ಕಡೆ ಇಟ್ಕೊಳ್ಳಿ ಅಂತ."

ಅಜ್ಜಿ ಹೇಳುವಾಗ ನಾನು ಮೇಜಿನ ಕೆಳಗಿದ್ದೆ.

"ಪವರ್ ಬಟನ್ ಒತ್ತಿ ಹಿಡೀರಿ" ಎಂದಳು. "ಈಗಲೇ. ಬಿಡಬೇಡಿ." ಆಗಲೂ ಅವಳು ಕೈ ಹಿಂದೆಯೇ ಇಟ್ಟಿದ್ದಳು. ನಾನು ಒತ್ತಿದೆ. ಸ್ಕ್ರೀನು ಕಪ್ಪಾಯಿತು. ಆ ಕಪ್ಪಿನಲ್ಲಿ ನನ್ನ ಮುಖ ಕಂಡಿತು, ಬಾಯಿ ತೆರೆದುಕೊಂಡು ದಡ್ಡಿಯ ಹಾಗೆ.

ಹನ್ನೊಂದು ವರ್ಷ. ನಾನು ಈ ಭೂಮಿಯ ಮೇಲೆ ಏನಾದರೂ ಮಾಡಿದ್ದೇನೆ ಎನ್ನುವುದಕ್ಕೆ ಇದ್ದ ಒಂದೇ ಸಾಕ್ಷಿ. ಅಣ್ಣ ಹೇಳಿದ್ದೇ ಸರಿಯಾಯಿತಲ್ಲ, ನಾನು ಮುಟ್ಟಿದೆ, ಹಾಳಾಯಿತು. ಅಳು ಬಂತು. ಅಳುವಿನ ಜೊತೆಗೇ ಸಿಟ್ಟು ಬಂತು, ಸಿಟ್ಟಿಗೆ ಎದುರಿಗೆ ಅವಳಿದ್ದಳು.

"ನಿಮಗೆ ಅನುಮಾನ ಬಂದಿತ್ತು ಅಲ್ವಾ? ಒತ್ತೋ ಮುಂಚೆಯೇ ಬಂದಿತ್ತು!"

"ಬಂದಿತ್ತು."

"ಕೈ ಕಟ್ಟಿ ಅಂದಿದ್ದು ನಿಯಮ. ಬಾಯಿ ಕಟ್ಟಿ ಅಂತ ಯಾರು ಅಂದ್ರು?"

"ನೀವು. ಉಸಿರೂ ಬಿಡಬೇಡಿ ಅಂದ್ರಿ."

"ನಾನು ನೂರು ಅಂತೀನಿ! ನಾನು ಅಂದಿದ್ದನ್ನೆಲ್ಲ ಕೇಳ್ತೀರಾ?"

ಅವಳು ನೆಲ ನೋಡಿದಳು. ತುಂಬ ಸಣ್ಣ ದನಿಯಲ್ಲಿ ಹೇಳಿದಳು, "ನಿಮಗೆ ಮತ್ತೆ ಕೋಪ ಬಂದ್ರೆ ಅಂತ ಭಯ ಆಯ್ತು. ಬೆಳಿಗ್ಗೆ ಇರಲಿಲ್ಲ ಆ ಭಯ. ಚಹಾ ಕುಡಿದ ಮೇಲೆ ಶುರುವಾಯ್ತು."

ಇಂಥ ಹೊತ್ತಿನಲ್ಲಿ ಇಂಥ ಮಾತು ಆಡುತ್ತಾರೆಯೇ ಯಾರಾದರೂ?

ಎಕ್ಸ್‌ಚೇಂಜ್ ಅಜ್ಜಿ ಕುರ್ಚಿ ಎಳೆದುಕೊಂಡು ಬಂದು ಕೂತರು. ಕನ್ನಡಕ ಏರಿಸಿ ನಮ್ಮಿಬ್ಬರನ್ನೂ ನೋಡಿದರು. "ಜಗಳ ಆಮೇಲೆ ಆಡಿ, ಇಬ್ಬರಿಗೂ ಒಳ್ಳೆ ಅಭ್ಯಾಸ ಇರೋ ಹಾಗಿದೆ. ಬೇಗ ನಿಲ್ಲಿಸಿದ್ದೀರಿ, ಅದು ಒಳ್ಳೇದಾಯ್ತು. ಅಳಿಸಿದ್ದು ಅಂದ್ರೆ ಯಾವುದು ಎಲ್ಲಿದೆ ಅನ್ನೋ ಪಟ್ಟಿ ಹರಿದಿದೆ ಅಷ್ಟೇ, ಮೇಲೆ ಹೊಸದು ಬರೆಯೋವರೆಗೆ ಫೋಟೋಗಳು ಒಳಗೇ ಬಿದ್ದಿರುತ್ತೆ. ಹೆಕ್ಕಿ ತೆಗೆಯೋ ಪ್ರೋಗ್ರಾಮ್ ಇನ್ನೊಂದು ಪೆನ್‌ಡ್ರೈವಿನಲ್ಲಿದೆ. ಹೆಸರು, ತಾರೀಕು ಎಲ್ಲ ಹೋಗಿರುತ್ತೆ. ಮುಖ ಸಿಗುತ್ತೆ." ಆಮೇಲೆ ಮೆಕ್ಯಾನಿಕ್ ಕಡೆ ತಿರುಗಿದರು. "ನೀನು ಹೇಳಿಕೊಡು. ಬಾಯಿ ಬಿಟ್ಟು."

ಅವಳು ಹೇಳಿದಳು, ನಾನು ಟೈಪ್ ಮಾಡಿದೆ. ಒಂದೊಂದು ಅಕ್ಷರ, ಒಂದೊಂದು ಚುಕ್ಕೆ. ತಪ್ಪಾದಾಗ "ಇಲ್ಲ, ನಿಲ್ಲಿ, ಅದನ್ನ ಅಳಿಸಿ" ಎಂದು ಹೆದರದೆ ಹೇಳಿದಳು. ಒಮ್ಮೆ ಜೋರಾಗಿಯೇ ಗದರಿದಳು. ನನಗೆ ಕೋಪ ಬರಲಿಲ್ಲ. ಬಂದಿದ್ದರೂ ಏನಾಗುತ್ತಿತ್ತು, ಇಬ್ಬರೂ ಸಾಯುತ್ತಿರಲಿಲ್ಲವಲ್ಲ.

ಇಪ್ಪತ್ತು ನಿಮಿಷ ಏನೂ ಬರಲಿಲ್ಲ. ಆಮೇಲೆ ಒಂದು ಹಲ್ಲು ಬಂತು.

ಅಷ್ಟು ದೊಡ್ಡ ಸ್ಕ್ರೀನಿನಲ್ಲಿ ಒಂದೇ ಒಂದು ಬಿಳಿ ಹಲ್ಲು, ಕೆಳಗೆ ಹೆಸರಿಲ್ಲ, ಬರೀ ನಂಬರು. ಹಿಂದೆಯೇ ಇನ್ನೊಂದು. ಇನ್ನೊಂದು. ಹಾಲಿನವರೆಲ್ಲ ತಮ್ಮ ತಮ್ಮ ಕೆಲಸ ಬಿಟ್ಟು ಬಂದು ಸುತ್ತ ನಿಂತರು.

"ಯಾರದು ಅಂತ ಹೇಗೆ ಗೊತ್ತಾಗುತ್ತೆ ಈಗ?" ಎಂದಳು ಯಾರೋ.

"ಗೊತ್ತಾಗುತ್ತೆ" ಎಂದೆ. "ಇದು ಒಬ್ಬ ಮೇಷ್ಟ್ರದು, ಚಾಕ್‌ಪೀಸ್ ಕಚ್ಚೋ ಅಭ್ಯಾಸ. ಇದು ಮದುವೆಗೆ ಎರಡು ದಿನ ಇದ್ದಾಗ ಬಾಗಿಲಿಗೆ ಢಿಕ್ಕಿ ಹೊಡೆದ ಮದುಮಗಂದು. ಇದು ಒಬ್ಬ ಹಾಡುವವರದು, ಸಂದಿಯಲ್ಲಿ ಗಾಳಿ ಹೋದ್ರೆ ಸ್ವರ ಕೆಡುತ್ತೆ ಅಂತ ನಾಲ್ಕು ಸಲ ವಾಪಸ್ ಕಳಿಸಿದ್ರು." ನಾನು ಹೇಳುತ್ತಾ ಹೋದೆ. ಒಂದೂ ತಪ್ಪಲಿಲ್ಲ. ನನ್ನ ಕೈ ಮಾಡಿದ್ದು ನನಗೆ ಮರೆಯುತ್ತದೆಯೇ?

ನೂರ ನಲವತ್ತಾರನೆಯದು ಬಂದಾಗ ನಾನು ತಡೆದೆ. ಮೇಲಿನ ಮುಂದಿನ ಹಲ್ಲು. "ಇದು ಸ್ವಲ್ಪ ಕಳ್ಳತನದ್ದು" ಎಂದೆ. "ಡಾಕ್ಟರ ಚೀಟಿಯಲ್ಲಿ ಗಂಡಸು ಅಂತ ಬರೆದಿತ್ತು. ಗಂಡಸರ ಹಲ್ಲನ್ನ ಮೂಲೆ ಚೌಕ ಇಟ್ಟು ಮಾಡು ಅಂತ ಲ್ಯಾಬಿನ ಪದ್ಧತಿ. ಆದ್ರೆ ಚೀಟಿಯ ಕೆಳಗೆ ಬೇರೆ ಯಾರದೋ ಅಕ್ಷರದಲ್ಲಿ, ಪೆನ್ಸಿಲ್ಲಿನಲ್ಲಿ, ಸಣ್ಣದಾಗಿ ಬರೆದಿತ್ತು. 'ದಯವಿಟ್ಟು ಮೂಲೆ ದುಂಡಗೆ ಮಾಡಿ' ಅಂತ. ಮಾಡಿದೆ. ಯಜಮಾನ್ರು ಕೇಳಿದಾಗ ಕೈ ಜಾರಿತು ಅಂದೆ."

ನಮ್ಮ ಹಿಂದಿನಿಂದ ಸೀಟಿಯ ಸರಪಳಿ ಕಿಣಿಕಿಣಿ ಎಂದಿತು.

"ಆ ಪೆನ್ಸಿಲ್ ನಂದು" ಎಂದಳು ಕಂಡಕ್ಟರ್.

ಅವಳು ಮುಂದೆ ಬಂದು, ಬಗ್ಗಿ, ತುಟಿ ಎತ್ತಿ ತೋರಿಸಿದಳು. ದುಂಡು ಮೂಲೆ, ಒಳಗಡೆ ನಾನು ಬಿಟ್ಟಿದ್ದ ಸಣ್ಣ ಗೆರೆ. ನನ್ನದೇ. ಹನ್ನೊಂದು ವರ್ಷದಲ್ಲಿ, ಯಜಮಾನರ ಬಾಯಿ ಬಿಟ್ಟರೆ, ನನ್ನ ಹಲ್ಲನ್ನು ಜೀವಂತ ಬಾಯಲ್ಲಿ ನಾನು ನೋಡಿದ್ದು ಅದೇ ಮೊದಲು.

"ಬಸ್ಸಿನಲ್ಲಿ ಒಬ್ಬ ಹೊಡೆದಿದ್ದ. ಡಾಕ್ಟರು ರೂಮಿಂದ ಆಚೆ ಹೋದಾಗ ಚೀಟಿಯಲ್ಲಿ ಬರೆದೆ. ಯಾರು ಓದ್ತಾರೆ ಅನ್ಕೊಂಡಿದ್ದೆ" ಎಂದಳು. "ಕನ್ನಡಿ ಮುಂದೆ ನಿಂತಾಗೆಲ್ಲ ಯೋಚಿಸ್ತೀನಿ, ಯಾರಪ್ಪ ಆ ಮಹಾತಾಯಿ, ಕೇಳಿದ್ದನ್ನ ಕೇಳಿದ ಹಾಗೆ ಕೊಟ್ಟವಳು ಅಂತ." ಆಮೇಲೆ ಅವಳು ನನ್ನನ್ನು ಅಪ್ಪಿಕೊಂಡಳು. ಸೀಟಿ ನನ್ನ ಪಕ್ಕೆಗೆ ಚುಚ್ಚಿತು. ನಾನು ಅತ್ತೆ. ಅವಳೂ ಅತ್ತಳು. ಲಿಪ್‌ಸ್ಟಿಕ್ ನನ್ನ ಟೇಪಿನ ಮೇಲೆಲ್ಲ ಆಯಿತು.

ಅವಳ ಭುಜದ ಮೇಲಿಂದ ಕನ್ನಡಿ ಕಂಡಿತು. ಮೆಕ್ಯಾನಿಕ್ ನನ್ನನ್ನೇ ನೋಡುತ್ತಿದ್ದಳು. ಬೆನ್ನ ಹಿಂದೆ ಅವಳ ಬೆರಳುಗಳು ಅಲುಗಾಡದೆ ಸುಮ್ಮನಿದ್ದವು, ಬೆಳಗಿನಿಂದ ಮೊದಲ ಸಲ. ಈಗ ಮುಖ ಎಲ್ಲವನ್ನೂ ಹೇಳುತ್ತಿತ್ತು.

ಒಟ್ಟು ಮುನ್ನೂರ ಎಪ್ಪತ್ತೇಳು ಹಲ್ಲು ಸಿಕ್ಕವು. ಉಳಿದ ಮೂವತ್ತೈದು ಹೋದವು. ಅವು ಯಾರ ಬಾಯಲ್ಲಾದರೂ ಇದ್ದೇ ಇರುತ್ತವೆ, ಕಂಡಕ್ಟರ್ ಹಾಗೆಂದು ಸಮಾಧಾನ ಹೇಳಿದಳು. ಸಿಕ್ಕಿದ್ದನ್ನು ಎರಡು ಕಡೆ ಕಾಪಿ ಮಾಡಿಕೊಂಡು ಮತ್ತೆ ಸಿಸ್ಟಮ್ ಹಾಕಿದೆ. ನಾಲ್ಕು ಗಂಟೆಗೆ ಹಲ್ಲಿನ ಸಾಫ್ಟ್‌ವೇರ್ ತೆರೆದುಕೊಂಡಿತು. ಆರು ಗಂಟೆವರೆಗೆ ದವಡೆಹಲ್ಲು ಮಾಡಿದೆ, ಕೆಡಿಸಿದೆ, ಮಾಡಿದೆ. ಏಳನೆಯದು ಹಲ್ಲಿನ ಹಾಗೆ ಕಂಡಿತು.

ಗೇಟಿನ ಹತ್ತಿರ ಅವಳು ನಿಂತಿದ್ದಳು. ಬೀದಿಯಲ್ಲಿ ಅಂಗಡಿಗಳ ದೀಪ ಆಗಷ್ಟೇ ಹತ್ತುತ್ತಿದ್ದವು. ಕೈ ಇನ್ನೂ ಹಿಂದೆ.

"ಕಾರ್ಯಾಗಾರ ಮುಗೀತಲ್ಲ. ಕೈ ಬಿಡಬಹುದು" ಎಂದೆ.

"ಬಿಟ್ರೆ ಎಲ್ಲಿಗೆ ಹೋಗುತ್ತೆ ಅಂತ ನನಗೆ ಗೊತ್ತಿದೆ" ಎಂದಳು.

"ಬಾಯಲ್ಲಿ ಹೇಳಿ. ಬಾಯಿ ಮೇಲೆ ನಂಬಿಕೆ ಇಲ್ಲ ಅಂತ ನೀವು ಅಂದಿದ್ದು ಬೆಳಿಗ್ಗೆ. ಮಧ್ಯಾಹ್ನ ನೋಡಿದ್ರಲ್ಲ."

ಅವಳು ಒಂದು ಕೈಯಿಂದ ಕೂದಲಿನ ಪೆನ್ಸಿಲ್ ತೆಗೆದಳು, ಮತ್ತೆ ಸಿಕ್ಕಿಸಿ ಕೈ ಹಿಂದಕ್ಕೆ ಒಯ್ದಳು. "ನಿಮ್ಮ ಕೈ ಕೆಲಸ ಮಾಡೋದನ್ನ ನೋಡ್ತಾ ಇರಬೇಕು ಅನ್ಸುತ್ತೆ. ಇವತ್ತಿಗೆ ಸಾಕಾಗಲಿಲ್ಲ. ದಿನಾ ನೋಡಬೇಕು. ನೀವು ಬೈದ್ರೂ ಪರವಾಗಿಲ್ಲ. ನನಗೆ ನೀವು ಬೇಕು." ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಅದೇ ಕ್ಷಣ "ಹೂಂ" ಎನ್ನಲು ನಾಲಗೆ ತುದಿಗೆ ಬಂದಿತ್ತು. ಆದರೆ ನನ್ನನ್ನು ನಾನು ಬಲ್ಲೆ. "ಈಗ ಉತ್ತರ ಕೊಟ್ರೆ ಸೋಮವಾರ ಹಲ್ಲು ಮಾಡೋದು ಬಿಟ್ಟು ನಿಮ್ಮ ಕನಸು ಕಾಣ್ತಾ ಕೂರ್ತೀನಿ. ಆ ಮೇಜು ನನ್ನದು, ಅದನ್ನ ಉಳಿಸ್ಕೋಬೇಕು. ಹನ್ನೊಂದು ಗಂಟೆಗೆ ಲ್ಯಾಬಿನ ಕೆಳಗೆ ಬನ್ನಿ. ಗೆದ್ದರೂ ಸೋತರೂ ಉತ್ತರ ಹೇಳ್ತೀನಿ."

"ಒಂದು ಸುಳಿವು?"

"ನಿಮ್ಮ ಕೋರೆಹಲ್ಲನ್ನ ಯಾರಿಗೂ ಮುಟ್ಟೋಕೆ ಬಿಡಬೇಡಿ" ಎಂದು ಹೇಳಿ ಬಸ್ಸು ಹತ್ತಿದೆ.

ಸೋಮವಾರ ಲ್ಯಾಬಿನ ಕಂಪ್ಯೂಟರಿನ ಮುಂದೆ ಮೊದಲು ಅಳಿಯ ಕೂತ. ಅವನ ಹಲ್ಲು ಇಡ್ಲಿ ತಟ್ಟೆಯಲ್ಲೂ ಕೂರುತ್ತಿರಲಿಲ್ಲ, ದವಡೆಯ ಮಾತು ಹಾಗಿರಲಿ. ಆಮೇಲೆ ನಾನು ಕೂತೆ. ನನ್ನ ಜೊತೆ ಮೇಣ ಕೆತ್ತುವ ಇಬ್ಬರು ಕೆಲಸ ನಿಲ್ಲಿಸಿ ಬಾಗಿಲಲ್ಲಿ ನಿಂತರು. ಅಂಚು ಎಳೆದೆ, ಎತ್ತರ ಏರಿಸಿದೆ. ನಡುವಿನ ಗುಳಿಯ ಹತ್ತಿರ ಬಂದಾಗ ಒಂದು ಕ್ಷಣ ತಡೆದೆ, ಯೋಚಿಸಲು.

"ಬಿಡಮ್ಮ, ಹಾಗಲ್ಲ, ಕೊಡಿಲ್ಲಿ" ಎಂದು ಯಜಮಾನರು ನನ್ನ ಕೈಯ ಮೇಲೆ ಕೈ ಇಟ್ಟು ಮೌಸ್ ಹಿಡಿದರು.

"ಸರ್" ಎಂದೆ. "ಕೈ ಹಿಂದೆ ಕಟ್ಕೊಳ್ಳಿ."

"ಏನಂದೆ?"

"ಹೇಳೋದಿದ್ರೆ ಬಾಯಲ್ಲಿ ಹೇಳಿ, ಕೇಳಿಸ್ಕೊತೀನಿ. ಕೈ ಹಿಂದೆ."

ನಾನು ತಿರುಗಿ ಅವರ ಕಣ್ಣನ್ನೇ ನೋಡಿದೆ. ಯಜಮಾನರಿಗೆ ಬಹುಶಃ ಒಂದನೇ ಕ್ಲಾಸು ನೆನಪಾಗಿರಬೇಕು. ಅವರ ಕೈ ಮೆಲ್ಲಗೆ ಮೌಸ್ ಬಿಟ್ಟು ಬೆನ್ನ ಹಿಂದೆ ಹೋಯಿತು. ಬಾಗಿಲಲ್ಲಿದ್ದ ಇಬ್ಬರಲ್ಲಿ ಒಬ್ಬಳು ಕೆಮ್ಮಿನ ಹಾಗೆ ನಕ್ಕಳು.

ಹತ್ತು ನಲವತ್ತಕ್ಕೆ ಹಲ್ಲು ಮುಗಿಯಿತು. ಅವರು ಸ್ಕ್ರೀನನ್ನು ಮೇಲಿನಿಂದ, ಕೆಳಗಿನಿಂದ, ಪಕ್ಕದಿಂದ ತಿರುಗಿಸುವಂತೆ ನನಗೇ ಹೇಳಿದರು. ಕೊನೆಗೆ ಅಂದರು, "ಇದು ನಿನ್ನ ಕೈಯದೇ. ಮೇಣದಲ್ಲಿ ಇದ್ದ ಹಾಗೇ ಇದೆ. ನಾಳೆಯಿಂದ ಮೆಷೀನಿಗೆ ಕೂರು."

"ಕೂರ್ತೀನಿ. ಇನ್ನು ಚೀಟಿ ಮೇಲೆ ಮಾಡಿದವರ ಹೆಸರೂ ಇರಬೇಕು."

ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ನಾನು ಕಾಯಲಿಲ್ಲ. ಆ ಹಲ್ಲಿನ ಚೀಟಿ ಎಳೆದುಕೊಂಡು, ಲ್ಯಾಬಿನ ಹೆಸರಿನ ಕೆಳಗೆ, ಪೆನ್ನಿನಲ್ಲಿ, ದಪ್ಪ ಅಕ್ಷರದಲ್ಲಿ ನನ್ನ ಹೆಸರು ಬರೆದೆ.

ಮೂರು ಮಹಡಿ ಮೆಟ್ಟಿಲನ್ನು ಹೇಗೆ ಇಳಿದೆನೋ ಗೊತ್ತಿಲ್ಲ. ಅವಳು ಕಟ್ಟಡದ ಎದುರು, ಜನ ಓಡಾಡುವ ಕಾಲುದಾರಿಯ ನಟ್ಟನಡುವೆ ನಿಂತಿದ್ದಳು. ಅದೇ ಓವರಾಲು, ಕೂದಲಲ್ಲಿ ಅದೇ ಪೆನ್ಸಿಲ್ಲು. ಎರಡೂ ಕೈ ಹಿಂದೆ.

"ಗೆದ್ರಿ" ಎಂದಳು.

"ಹೇಗೆ ಗೊತ್ತಾಯ್ತು?"

"ಮೆಟ್ಟಿಲ ಮೇಲೆ ನಿಮ್ಮ ಕಾಲಿನ ಸದ್ದು. ಸೋತವರು ಅಷ್ಟು ಗಲಾಟೆ ಮಾಡಲ್ಲ." ಆಮೇಲೆ ಅವಳ ದನಿ ಸಣ್ಣದಾಯಿತು. "ಇನ್ನೊಂದು ಉತ್ತರ ಬಾಕಿ ಇದೆ."

ಮೇಲೆ ಲ್ಯಾಬಿನ ಕಿಟಕಿಯಲ್ಲಿ ಯಜಮಾನರು, ಅಳಿಯ, ಮೇಣದ ಮೇಜಿನ ಇಬ್ಬರೂ ಇಣುಕುತ್ತಿದ್ದರು. ಬೀದಿಯಲ್ಲಿ ಹೋಗುತ್ತಿದ್ದವರು ನಿಧಾನಿಸಿದರು. ನೋಡಲಿ. ಇಷ್ಟು ವರ್ಷ ನನ್ನ ಕೆಲಸವನ್ನು ಯಾರೂ ನೋಡಲಿಲ್ಲ, ಇದನ್ನಾದರೂ ಕಣ್ತುಂಬ ನೋಡಲಿ.

"ನನಗೂ ನೀನು ಬೇಕು" ಎಂದೆ. 'ನೀವು' ಎನ್ನುವುದು ಎಲ್ಲಿ ಬಿಟ್ಟುಹೋಯಿತೋ ತಿಳಿಯಲಿಲ್ಲ. "ಕೈ ಮುಂದೆ ತಾ."

ಅವಳು ಕೈ ಮುಂದೆ ತಂದಳು. ಎರಡಕ್ಕೂ ಚೆರಿ ಹಣ್ಣಿನ ಗವಸು.

"ಅಜ್ಜಿ ಹತ್ತಿರ ಕೇಳಿ ತಂದೆ" ಎಂದಳು. "ನೀನು ಒಪ್ಪೋ ಮುಂಚೆ ಕೈ ಹೋಗಿಬಿಟ್ರೆ ಅಂತ."

ನಾನು ಬೀದಿಯಲ್ಲೇ ನಿಂತು ಹೊಟ್ಟೆ ಹಿಡಿದು ನಕ್ಕೆ. ಆಮೇಲೆ ಆ ಗವಸುಗಳನ್ನು ಒಂದೊಂದಾಗಿ ಎಳೆದು ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ. ಅವಳ ಬೆರಳು ಬೆಚ್ಚಗಿದ್ದವು, ಗ್ರೀಸಿನ ವಾಸನೆ ಇತ್ತು. ಹಿಡಿದುಕೊಂಡೇ ಬಸ್‌ಸ್ಟಾಪಿನವರೆಗೆ ನಡೆದೆವು.